ದಿನವೂ ಲೆಕ್ಕ ಬಿಡಿಸಿದರೂ ಪರೀಕ್ಷೆಯಲ್ಲಿ ಕೈಕೊಡುವುದೇಕೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ನಾನು ಹೋಟೆಲಿನಲ್ಲಿ ಮ್ಯಾನೇಜರ್. ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದಳು, ಗಣಿತದಲ್ಲಿ 100ಕ್ಕೆ 92 ಬಂದಿತ್ತು. ಈಗ ಹನ್ನೆರಡನೆ ಸೈನ್ಸ್, ಎಚ್‌ಎಸ್‌ಸಿ ಬೋರ್ಡ್, ಇಂಜಿನಿಯರಿಂಗ್ ಆಸೆ. ಹನ್ನೊಂದನೆ ಹೇಗೋ ದಾಟಿತು. ಮೊನ್ನೆಯ ಫಸ್ಟ್ ಟರ್ಮ್‌ನಲ್ಲಿ ಗಣಿತಕ್ಕೆ 80ಕ್ಕೆ 31. ದಿನಾ ರಾತ್ರಿ ಹನ್ನೊಂದರವರೆಗೆ ಲೆಕ್ಕ ಮಾಡುತ್ತಾಳೆ, ಆರೇಳು ನೋಟ್‌ಬುಕ್ ತುಂಬಿವೆ. ಲೆಕ್ಕಗಳನ್ನೆಲ್ಲ ಬಿಡಿಸಿಕೊಟ್ಟಿರುವ ಡೈಜೆಸ್ಟ್ ಇದೆ, ಯೂಟ್ಯೂಬ್ ನೋಡುತ್ತಾಳೆ. ಕೇಳಿದರೆ "ಎಲ್ಲಾ ನೋಡಿದ ಹಾಗೇ ಇತ್ತು ಅಪ್ಪ, ಶುರು ಮಾಡೋಕೇ ಆಗಲಿಲ್ಲ" ಅನ್ನುತ್ತಾಳೆ. ದಾದರಿನ ಒಂದು ಕ್ಲಾಸಿನವರು ಉಳಿದ ತಿಂಗಳುಗಳಿಗೆ 60 ಸಾವಿರ ಕೇಳುತ್ತಿದ್ದಾರೆ. ಮನೆಗೆ ಬರುವ ಸರ್ ಗಂಟೆಗೆ 900. ಎರಡರಲ್ಲಿ ಒಂದನ್ನಷ್ಟೇ ಹೊಂದಿಸಬಲ್ಲೆ. ಇಂಜಿನಿಯರಿಂಗ್ ಪ್ರವೇಶದ ಜೆಇಇ ಪರೀಕ್ಷೆಯ ಪುಸ್ತಕ ತಂದು ಮಾಡಿಸಿದರೆ ಬೋರ್ಡು ತಾನಾಗಿ ಸುಲಭವಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಏನು ಮಾಡಲಿ? ಅವಳಿಗೆ ಗಣಿತದ ತಲೆಯೇ ಇಲ್ಲವೇ?

ಉತ್ತರ: "ನೋಡಿದ ಹಾಗೇ ಇತ್ತು, ಶುರು ಮಾಡೋಕೇ ಆಗಲಿಲ್ಲ." ನಿಮ್ಮ ಪತ್ರದಲ್ಲಿ ಅತ್ಯಂತ ಉಪಯೋಗದ ಮಾತು ಇದು, ಮತ್ತು ಅದನ್ನು ಹೇಳಿದವಳು ನಿಮ್ಮ ಮಗಳೇ. ತಲೆ ಇಲ್ಲದವರಿಗೆ ಪ್ರಶ್ನೆ ನೋಡಿದ ಹಾಗೂ ಇರುವುದಿಲ್ಲ. ಅವಳ ಕಣ್ಣಿಗೆ ಲೆಕ್ಕ ಪರಿಚಯವಾಗಿದೆ, ಕೈಗೆ ಆಗಿಲ್ಲ. ಇದು ಹೇಗಾಗುತ್ತದೆ ಎಂದರೆ, ಡೈಜೆಸ್ಟ್ ಪಕ್ಕದಲ್ಲಿ ತೆರೆದಿರುತ್ತದೆ. ಎರಡು ಸಾಲು ಬರೆಯುವುದು, ನಿಂತರೆ ಒಂದು ಸಲ ಕಣ್ಣು ಹಾಯಿಸುವುದು, "ಹೌದಲ್ಲ" ಎಂದುಕೊಂಡು ಮುಂದಿನ ಸಾಲು ಬರೆಯುವುದು. ನೋಟ್‌ಬುಕ್ ತುಂಬುತ್ತದೆ, ಉತ್ತರ ಪ್ರತಿ ಸಲವೂ ಸರಿಬರುತ್ತದೆ. ಆದರೆ ಮುಂದೇನು ಎಂದು ತಾನೇ ನಿರ್ಧರಿಸುವ ಕೆಲಸ ಒಮ್ಮೆಯೂ ನಡೆದಿರುವುದಿಲ್ಲ. ಪರೀಕ್ಷೆ ಕೇಳುವುದು ಅದೊಂದನ್ನೇ.

ಇನ್ನೊಂದು ಕಾರಣ ಪುಸ್ತಕದ ರಚನೆಯಲ್ಲೇ ಇದೆ, ಅದನ್ನು ಯಾರೂ ಗಮನಿಸುವುದಿಲ್ಲ. ಅಭ್ಯಾಸದ ಮೇಲೆ "ಇಂಟಿಗ್ರೇಷನ್ ಬೈ ಪಾರ್ಟ್ಸ್" ಎಂದು ಶೀರ್ಷಿಕೆ ಇದ್ದರೆ ಆ ಕೆಳಗಿನ ಇಪ್ಪತ್ತು ಲೆಕ್ಕಕ್ಕೂ ದಾರಿ ಯಾವುದೆಂದು ಶೀರ್ಷಿಕೆಯೇ ಹೇಳಿಬಿಟ್ಟಿದೆ. ಪ್ರಶ್ನೆಪತ್ರಿಕೆಯಲ್ಲಿ ಆ ಶೀರ್ಷಿಕೆ ಇರುವುದಿಲ್ಲ. ಇಂಟಿಗ್ರೇಟ್ ಮಾಡಲು ಕೊಟ್ಟ ಈ ಮೂರನ್ನು ನೋಡಿ: ಎಕ್ಸ್ ಗುಣಿಸು ಇ ಘಾತ ಎಕ್ಸ್; ಎಕ್ಸ್ ಗುಣಿಸು ಇ ಘಾತ ಎಕ್ಸ್²; ಇ ಘಾತ ಎಕ್ಸ್ ಗುಣಿಸು (ಸೈನ್ ಎಕ್ಸ್ + ಕಾಸ್ ಎಕ್ಸ್). ಮೂರಕ್ಕೂ ಮುಖ ಒಂದೇ ತರಹ. ಮೊದಲನೆಯದಕ್ಕೆ ಬೈ ಪಾರ್ಟ್ಸ್ ಬೇಕು. ಎರಡನೆಯದಕ್ಕೆ ಎಕ್ಸ್² ಅನ್ನು ಟಿ ಎಂದು ಇಟ್ಟರೆ ಎರಡು ಸಾಲಿನಲ್ಲಿ ಮುಗಿಯುತ್ತದೆ. ಅಲ್ಲಿ ಬೈ ಪಾರ್ಟ್ಸ್ ಹಿಡಿದವರು ಪುಟವೆಲ್ಲ ಸುತ್ತಿ ಎಲ್ಲೂ ತಲುಪುವುದಿಲ್ಲ. ಮೂರನೆಯದು ಒಂದು ಫಂಕ್ಷನ್ನು ಅದರ ಡೆರಿವೇಟಿವ್ ಜೊತೆ ಕೂಡಿದ ರೂಪ, ಉತ್ತರ ನೇರವಾಗಿ ಇ ಘಾತ ಎಕ್ಸ್ ಗುಣಿಸು ಸೈನ್ ಎಕ್ಸ್. ಮೂರನ್ನೂ ಮೂರು ಬೇರೆ ದಿನ, ಮೂರು ಬೇರೆ ಶೀರ್ಷಿಕೆಯ ಕೆಳಗೆ ಬಿಡಿಸಿದ ಮಗುವಿಗೆ ಮೂರೂ ಬರುತ್ತವೆ. ಒಟ್ಟಿಗೆ ಬೆರೆಸಿ ಕೊಟ್ಟರೆ ಒಂದೂ ಬರುವುದಿಲ್ಲ.

ಇನ್ನು 92 ಹೇಗೆ 31 ಆಯಿತು ಎಂಬುದು. ಹತ್ತನೆಯ ಪತ್ರಿಕೆ ಪುಸ್ತಕದ ಹತ್ತಿರವೇ ಇರುತ್ತದೆ, ಅಲ್ಲಿಯ 92 ಶ್ರಮಕ್ಕೆ ಸಂದ ಅಂಕ, ಸುಳ್ಳಲ್ಲ. ಆಮೇಲೆ ಹನ್ನೊಂದನೆ ಬರುತ್ತದೆ. ಅದಕ್ಕೆ ಬೋರ್ಡ್ ಪರೀಕ್ಷೆ ಇಲ್ಲ, ಕಾಲೇಜೇ ನಡೆಸಿಕೊಳ್ಳುತ್ತದೆ. ಹಾಗಾಗಿ ಮುಂಬಯಿ, ಠಾಣೆಯ ಎಷ್ಟೋ ಮನೆಗಳಲ್ಲಿ ಅದು ವಿಶ್ರಾಂತಿಯ ವರ್ಷ; ಕೋಚಿಂಗ್ ಕ್ಲಾಸಿನ ಜೊತೆ ಸೇರಿ ನಡೆಯುವ ಕೆಲವು ಇಂಟಿಗ್ರೇಟೆಡ್ ಕಾಲೇಜುಗಳಲ್ಲಂತೂ ಹನ್ನೊಂದನೆಯನ್ನು ಅರ್ಧಕ್ಕೇ ಮುಚ್ಚಿ ಹನ್ನೆರಡನೆಯ ಪೋರ್ಷನ್ ಶುರು ಮಾಡುತ್ತಾರೆ. ಆದರೆ ಹನ್ನೆರಡನೆಯ ಕ್ಯಾಲ್ಕುಲಸ್ ಪೂರ್ತಿ ನಿಂತಿರುವುದು ಹನ್ನೊಂದನೆಯ ತ್ರಿಕೋನಮಿತಿ, ಫಂಕ್ಷನ್, ಲಿಮಿಟ್ ಮೇಲೆ. ಎಷ್ಟೋ ಸಲ ತೊಡಕು ಇನ್ನೂ ಹಿಂದೆ ಇರುತ್ತದೆ. 1/(ಎಕ್ಸ್² + 4ಎಕ್ಸ್ + 13) ಇದರ ಇಂಟಿಗ್ರೇಷನ್ ಬರಲಿಲ್ಲ ಎಂದು ಮಗು ಹೇಳಿದರೆ ಅದಕ್ಕೆ ಬಾರದಿರುವುದು ಇಂಟಿಗ್ರೇಷನ್ ಆಗಿರಬೇಕೆಂದಿಲ್ಲ. ಛೇದವನ್ನು (ಎಕ್ಸ್ + 2)² + 9 ಎಂದು ಬರೆಯಲು ಹೊಳೆದಿದ್ದರೆ ಸೂತ್ರ ಹಾಕಿ (1/3) ಟ್ಯಾನ್ ಇನ್ವರ್ಸ್ (ಎಕ್ಸ್ + 2)/3 + ಸಿ ಎಂದು ಮುಗಿಸುತ್ತಿತ್ತು. ಹಾಗೆ ವರ್ಗ ಪೂರ್ಣಗೊಳಿಸುವುದು ಹತ್ತನೆಯ ವರ್ಗ ಸಮೀಕರಣದ ಪಾಠ. ಇಂಥ ಮಗುವಿಗೆ ಇಂಟಿಗ್ರೇಷನ್ನಿನ ಇನ್ನೂ ಐವತ್ತು ಲೆಕ್ಕ ಕೊಟ್ಟರೆ ಐವತ್ತು ಸಲ ಅದೇ ಕಡೆ ಎಡವುತ್ತದೆ.

ಕನ್ನಡ ಮಾಧ್ಯಮದಿಂದ ಬಂದದ್ದು ಅಡ್ಡಿಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಣಿತಕ್ಕೆ ಅಡ್ಡಿಯಿಲ್ಲ, ಪ್ರಶ್ನೆ ಓದುವುದಕ್ಕೆ ಮೊದಲ ವರ್ಷ ಅಡ್ಡಿಯಿದೆ. ಅದು ದೊಡ್ಡ ಪದಗಳಲ್ಲಿ ಅಲ್ಲ, ಸಣ್ಣವುಗಳಲ್ಲಿ. ಡೆರಿವೇಟಿವ್, ಇಂಟಿಗ್ರಲ್ ಎಲ್ಲರಿಗೂ ಹೊಸವೇ, ಇಂಗ್ಲಿಷ್ ಮಾಧ್ಯಮದವರಿಗೂ. ಡಿಟರ್ಮಿನಂಟನ್ನು ಅವಳು ಹತ್ತನೆಯಲ್ಲೇ, ಎರಡು ಚರಾಕ್ಷರಗಳ ಸಮೀಕರಣ ಬಿಡಿಸುವಾಗ, ಮಾಡಿದ್ದಾಳೆ. ಹೆಸರು ಬೇರೆ ಇತ್ತು ಅಷ್ಟೆ. ತೊಂದರೆ ಕೊಡುವುದು "ಅಟ್ ಲೀಸ್ಟ್", "ಅಟ್ ಮೋಸ್ಟ್", "ಹೆನ್ಸ್", "ರಿಸ್ಪೆಕ್ಟಿವ್ಲಿ" ತರಹದವು. ಒಂದು ನಾಣ್ಯವನ್ನು 5 ಸಲ ಚಿಮ್ಮಿದಾಗ "ಅಟ್ ಲೀಸ್ಟ್" 2 ಹೆಡ್ ಬರುವ ಸಂಭವನೀಯತೆ 13/16, "ಅಟ್ ಮೋಸ್ಟ್" 2 ಬರುವುದು 1/2. ಸೂತ್ರ ಒಂದೇ, ಪದವನ್ನು ಅದಲುಬದಲು ಓದಿದರೆ ಅಂಕ ಹೋಯಿತು. "ಟ್ಯಾಂಜೆಂಟ್" ಒಂದು ಕಡೆ ತ್ರಿಕೋನಮಿತಿಯ ಅನುಪಾತ, ಇನ್ನೊಂದು ಕಡೆ ಸ್ಪರ್ಶಕ. "ನಾರ್ಮಲ್" ಎಂದರೆ ಇಲ್ಲಿ ಲಂಬ. ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅವಳದೇ ಕನ್ನಡದಲ್ಲಿ ಅರ್ಥ, ಒಂದು ಸಣ್ಣ ಉದಾಹರಣೆ. ಅರವತ್ತು ಎಪ್ಪತ್ತು ಪದಗಳಾದರೆ ಮುಗಿಯಿತು. ಯೋಚನೆ ಕನ್ನಡದಲ್ಲೇ ನಡೆಯಲಿ, ಅದನ್ನು ಬಲವಂತದಿಂದ ಬದಲಿಸಬೇಡಿ.

ಹಣದ ವಿಷಯಕ್ಕೆ ಹೋಗುವ ಮೊದಲು ಎರಡು ಪರೀಕ್ಷೆ ಮಾಡಿ. ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು ಇಪ್ಪತ್ತು ನಿಮಿಷದ್ದು. ಪುಸ್ತಕ, ಮೊಬೈಲ್ ಎರಡೂ ಬೇರೆ ಕೋಣೆಯಲ್ಲಿರಲಿ. ಅವಳಿಗೆ ಈ ಹತ್ತನ್ನು ಕೊಡಿ: (1) ಎಕ್ಸ್² − 6ಎಕ್ಸ್ + 13 ಅನ್ನು ಪೂರ್ಣ ವರ್ಗದ ರೂಪದಲ್ಲಿ ಬರೆ. (2) ಕಾಸ್ 2ಎಕ್ಸ್‌ನ ಮೂರು ರೂಪ. (3) ಸೈನ್ 75 ಡಿಗ್ರಿ. (4) (3ಎಕ್ಸ್ + 5)/((ಎಕ್ಸ್ + 1)(ಎಕ್ಸ್ + 2)) ಇದನ್ನು ಪಾರ್ಶಿಯಲ್ ಫ್ರಾಕ್ಷನ್ ಮಾಡು. (5) ಸೈನ್ (ಎಕ್ಸ್²) ಇದರ ಡೆರಿವೇಟಿವ್. (6) ಲಾಗ್ 8 ಭಾಗಿಸು ಲಾಗ್ 2. (7) (1, 2) ಬಿಂದುವಿನ ಮೂಲಕ ಹೋಗುವ, ಸ್ಲೋಪ್ 3 ಇರುವ ರೇಖೆ. (8) |ಎಕ್ಸ್ − 2| < 3 ಆದರೆ ಎಕ್ಸ್ ಎಲ್ಲಿಂದ ಎಲ್ಲಿಗೆ? (9) ಎಕ್ಸ್ ಸೊನ್ನೆಯತ್ತ ಹೋದಾಗ ಸೈನ್ 5ಎಕ್ಸ್ ಭಾಗಿಸು ಎಕ್ಸ್. (10) ಮೊದಲ ಸಾಲು 2, 1, ಎರಡನೇ ಸಾಲು 5, 3 ಇರುವ ಮ್ಯಾಟ್ರಿಕ್ಸಿನ ಇನ್ವರ್ಸ್.

ಉತ್ತರಗಳು ನಿಮಗೆ: (ಎಕ್ಸ್ − 3)² + 4; ಕಾಸ್² − ಸೈನ್², 2ಕಾಸ್² − 1, 1 − 2ಸೈನ್²; (√6 + √2)/4; 2/(ಎಕ್ಸ್ + 1) + 1/(ಎಕ್ಸ್ + 2); 2ಎಕ್ಸ್ ಕಾಸ್ (ಎಕ್ಸ್²); 3; ವೈ = 3ಎಕ್ಸ್ − 1; −1ರಿಂದ 5ರ ನಡುವೆ; 5; ಮೊದಲ ಸಾಲು 3, −1, ಎರಡನೇ ಸಾಲು −5, 2. ಆರನೆಯದಕ್ಕೆ "ಲಾಗ್ 4" ಎಂದು ಬರೆದಿದ್ದರೆ ಆಶ್ಚರ್ಯಪಡಬೇಡಿ, ಅರ್ಧ ಕ್ಲಾಸು ಹಾಗೇ ಬರೆಯುತ್ತದೆ. ಏಳಕ್ಕಿಂತ ಹೆಚ್ಚು ಸರಿಯಾದರೆ ಅಡಿಪಾಯ ಇದೆ, ಅಭ್ಯಾಸದ ರೀತಿಯನ್ನು ಬದಲಿಸಿದರೆ ಸಾಕು. ಐದು ಅಥವಾ ಕಡಿಮೆ ಆದರೆ ಮೂರು ವಾರ ಹನ್ನೊಂದನೆಯ ಪುಸ್ತಕಕ್ಕೆ ಹೋಗಲೇಬೇಕು. ಪೂರ್ತಿ ಪುಸ್ತಕ ಬೇಡ: ತ್ರಿಕೋನಮಿತಿಯ ಎರಡನೇ ಪಾಠ, ಫಂಕ್ಷನ್, ಲಿಮಿಟ್, ಡಿಫರೆನ್ಷಿಯೇಷನ್. ನಡುವೆ ಬಿದ್ದರೆ ತಪ್ಪಿದ ಪಾಠಗಳನ್ನಷ್ಟೇ ನೋಡಲಿ.

ಎರಡನೆಯದು ಫಸ್ಟ್ ಟರ್ಮಿನ ಉತ್ತರಪತ್ರಿಕೆ. ಕಾಲೇಜಿನಿಂದ ಕೇಳಿ ತರಲಿ, ಸಿಗದಿದ್ದರೆ ಫೋಟೋ ತೆಗೆದುಕೊಳ್ಳಲಿ. ಹೋದ 49 ಅಂಕಗಳಲ್ಲಿ ಪ್ರತಿಯೊಂದರ ಮುಂದೆ ಒಂದು ಗುರುತು: ಶುರುವೇ ಆಗಲಿಲ್ಲ, ದಾರಿ ಗೊತ್ತಿದ್ದೂ ನಡುವೆ ಚಿಹ್ನೆಯೋ ಗುಣಾಕಾರವೋ ತಪ್ಪಿತು, ಪ್ರಶ್ನೆ ತಪ್ಪು ಓದಿದೆ, ಸಮಯ ಸಾಲಲಿಲ್ಲ. ಈ ಕೆಲಸ ಅವಳೇ ಮಾಡಲಿ, ನೀವು ಪಕ್ಕದಲ್ಲಿ ಕೂತರೆ ಎಲ್ಲವೂ "ಸಿಲ್ಲಿ ಮಿಸ್ಟೇಕ್" ಖಾತೆಗೆ ಹೋಗುತ್ತದೆ. "ಶುರುವೇ ಆಗಲಿಲ್ಲ" ಹೆಚ್ಚಿದ್ದರೆ ಕಲಿಸುವವರು ಬೇಕು. ನಡುವೆ ತಪ್ಪಿದ್ದೇ ಹೆಚ್ಚಾದರೆ ಯಾವ ಸರ್ ಬಂದರೂ ಪ್ರಯೋಜನ ಕಡಿಮೆ, ಅದಕ್ಕೆ ಮದ್ದು ಬರವಣಿಗೆಯಲ್ಲಿದೆ: ಒಂದು ಸಾಲಿಗೆ ಒಂದೇ ಹೆಜ್ಜೆ, ಸಮಚಿಹ್ನೆ ಒಂದರ ಕೆಳಗೊಂದು, ಬದಿಯಲ್ಲಿ ರಫ್ ಕೆಲಸ ಕಾಣುವಂತೆ. ಡೆಫಿನಿಟ್ ಇಂಟಿಗ್ರೇಷನ್‌ನಲ್ಲಿ ಪದೇ ಪದೇ ಕಾಣುವ ತಪ್ಪೊಂದಿದೆ. ಎಕ್ಸ್/(1 + ಎಕ್ಸ್²) ಅನ್ನು 0ಯಿಂದ 1ರವರೆಗೆ ಮಾಡುವಾಗ 1 + ಎಕ್ಸ್² ಅನ್ನು ಟಿ ಎಂದು ಇಡುತ್ತಾರೆ, ಆದರೆ ಮಿತಿಗಳನ್ನು 1 ಮತ್ತು 2 ಎಂದು ಬದಲಿಸುವುದಿಲ್ಲ. ಕೊನೆಗೆ ಲಾಗ್ 0 ಎದುರಿಗೆ ಬಂದು ನಿಲ್ಲುತ್ತದೆ, ಗಾಬರಿಯಲ್ಲಿ ಇಡೀ ಉತ್ತರವನ್ನೇ ಹೊಡೆದು ಹಾಕುತ್ತಾರೆ. ಮಿತಿ ಬದಲಿಸಿದ್ದರೆ (1/2) ಲಾಗ್ 2. ಇಂಥದ್ದನ್ನು ಕಲಿಸಲು 60 ಸಾವಿರ ಬೇಡ, ಮೇಜಿನ ಮುಂದೆ ಒಂದು ಚೀಟಿ ಅಂಟಿಸಿದರೆ ಆಯಿತು.

ಅಭ್ಯಾಸ ಹೇಗೆ ಎಂಬುದಕ್ಕೆ ಬರೋಣ. ರಾತ್ರಿ ಹನ್ನೊಂದರವರೆಗೆ ಬೇಡ. ದಿನಕ್ಕೆ 75 ನಿಮಿಷ, ಆರರಿಂದ ಎಂಟು ಲೆಕ್ಕ, ಅಷ್ಟೆ. ಪುಸ್ತಕದ ಬಿಡಿಸಿದ ಉದಾಹರಣೆ ಓದಿದ ಮೇಲೆ ಮುಚ್ಚಿ, ಖಾಲಿ ಹಾಳೆಯಲ್ಲಿ ಅದನ್ನೇ ಮತ್ತೆ ಬಿಡಿಸಬೇಕು. ಸಿಕ್ಕಿಹಾಕಿಕೊಂಡರೆ ಹತ್ತು ನಿಮಿಷ ಹಾಗೇ ಇರಲಿ. ಆ ಹತ್ತು ನಿಮಿಷ ವ್ಯರ್ಥ ಎಂದು ಮಕ್ಕಳಿಗೆ ಅನಿಸುತ್ತದೆ, ಕಲಿಕೆ ನಡೆಯುವುದು ಅಲ್ಲೇ. ಆಮೇಲೆ ಡೈಜೆಸ್ಟ್ ತೆರೆದು ಒಂದೇ ಒಂದು ಸಾಲು ನೋಡಿ ಮುಚ್ಚಿ ಮುಂದುವರಿಯಲಿ. ಹೀಗೆ ಇಣುಕಿ ನೋಡಿದ ಲೆಕ್ಕಕ್ಕೆ ದಿನಾಂಕ ಹಾಕಿ, ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ಮೂರು ವಾರಕ್ಕೆ ಒಮ್ಮೆ, ಏನೂ ನೋಡದೆ ಬಿಡಿಸಬೇಕು. ಮೂರೂ ಸಲ ಬಂದರೆ ಪಟ್ಟಿಯಿಂದ ತೆಗೆಯಬಹುದು. ಶನಿವಾರ ಬೆರಕೆ ದಿನ: ಎಂಟು ಪಾಠಗಳಿಂದ ಒಂದೊಂದು ಲೆಕ್ಕದ ನಂಬರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಎತ್ತಲಿ. ಮೊದಲು ಎಂಟಕ್ಕೂ ದಾರಿ ಯಾವುದೆಂದು ಒಂದು ಸಾಲಿನಲ್ಲಿ ಬರೆಯಬೇಕು, ಬಿಡಿಸುವುದು ಆಮೇಲೆ. ಅವಳಿಗೆ ಕೈಕೊಡುತ್ತಿರುವುದು ಸರಿಯಾಗಿ ಇದೇ, ಹಾಗಾಗಿ ಮೊದಲ ಎರಡು ಶನಿವಾರ ಎಂಟರಲ್ಲಿ ಮೂರು ಬಂದರೆ ಅದೇ ದೊಡ್ಡದು. ಭಾನುವಾರ ಬೆಳಿಗ್ಗೆ ಅರ್ಧ ಪತ್ರಿಕೆ, 40 ಅಂಕ, 90 ನಿಮಿಷ, ಗಡಿಯಾರ ಎದುರಿಗೆ.

ಬೋರ್ಡ್ ಪತ್ರಿಕೆಯ ಆಕಾರ ನಿಮಗೂ ಗೊತ್ತಿರಲಿ. 80 ಅಂಕ, ಮೂರು ಗಂಟೆ. ಉಳಿದ 20 ಪ್ರಾಕ್ಟಿಕಲ್. ಎರಡು ಅಂಕದ ಬಹುಆಯ್ಕೆ 8, ಒಂದು ಅಂಕದವು 4, ಇವುಗಳಲ್ಲಿ ಆಯ್ಕೆಯಿಲ್ಲ. ಆಮೇಲೆ ಎರಡು ಅಂಕದವು 12ರಲ್ಲಿ 8, ಮೂರು ಅಂಕದವು 12ರಲ್ಲಿ 8, ನಾಲ್ಕು ಅಂಕದವು 8ರಲ್ಲಿ 5. ಅಂದರೆ 60 ಅಂಕದ ಭಾಗದಲ್ಲಿ ಬಿಟ್ಟುಬಿಡುವ ಸ್ವಾತಂತ್ರ್ಯ ಬೇಕಾದಷ್ಟಿದೆ. ಅಂಕ ಒಂದಕ್ಕೆ ಎರಡೂಕಾಲು ನಿಮಿಷ. ನಾಲ್ಕು ಅಂಕದ ಲೆಕ್ಕಕ್ಕೆ 9 ನಿಮಿಷ ದಾಟಿದರೆ ಬಿಟ್ಟು ಮುಂದೆ ಹೋಗುವುದನ್ನೂ ಅಭ್ಯಾಸ ಮಾಡಬೇಕು. ಹನ್ನೊಂದನೆಯ ಸಾಲ ಇಲ್ಲದ ಪಾಠಗಳಿವೆ: ಮ್ಯಾಥಮ್ಯಾಟಿಕಲ್ ಲಾಜಿಕ್, ಮ್ಯಾಟ್ರಿಸಸ್, ಲೀನಿಯರ್ ಪ್ರೋಗ್ರಾಮಿಂಗ್, ಎನ್‌ಸಿಆರ್ (ಎನ್ ವಸ್ತುಗಳಲ್ಲಿ ಆರ್ ಅನ್ನು ಎಷ್ಟು ರೀತಿ ಆರಿಸಬಹುದು ಎಂಬುದು) ಲೆಕ್ಕ ಹಾಕಲು ಬಂದರೆ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್. ಹಳೆಯ ಸಾಲ ತೀರಿಸುತ್ತಿರುವ ಮೂರು ವಾರದಲ್ಲಿ ಹೊಸದಾಗಿ ಇವನ್ನೇ ಮಾಡಲಿ. ಅಂಕ ಏರುವುದು ಕಣ್ಣಿಗೆ ಕಂಡರೆ ಮಗು ಕೂತು ಓದುತ್ತದೆ.

ಸಾಮಗ್ರಿಯ ಕೊರತೆ ನಿಮಗಿಲ್ಲ, ಹೆಚ್ಚಾಗಿರುವುದೇ ತೊಂದರೆ. ರಾಜ್ಯದ ಪಠ್ಯಪುಸ್ತಕ, ಬಾಲಭಾರತಿಯ ಎರಡು ಭಾಗಗಳೇ ಮೂಲ. ಹನ್ನೊಂದನೆಯ ಪುಸ್ತಕ ಮಾರಿಬಿಟ್ಟಿದ್ದರೆ ಇ-ಬಾಲಭಾರತಿ ಜಾಲತಾಣದಲ್ಲಿ ಪಿಡಿಎಫ್ ಉಚಿತ. ಪ್ರತಿ ಪಾಠದ ಕೊನೆಯ ಮಿಸಲೇನಿಯಸ್ ಎಕ್ಸರ್‌ಸೈಜನ್ನು ಬಿಡಬಾರದು, ಅಲ್ಲಿ ಶೀರ್ಷಿಕೆಯ ಸುಳಿವು ಇಲ್ಲ. ಇನ್ನೂ ಬೇಕೆನಿಸಿದರೆ ಕೇಂದ್ರದ ಎನ್‌ಸಿಇಆರ್‌ಟಿಯ ಪಠ್ಯ ಮತ್ತು ಎಕ್ಸೆಂಪ್ಲರ್ ಎಂಬ ಹೆಚ್ಚುವರಿ ಲೆಕ್ಕಗಳ ಪುಸ್ತಕ, ಅವೂ ಉಚಿತ. ಕ್ಯಾಲ್ಕುಲಸ್, ವೆಕ್ಟರ್‌ಗೆ ಬಹಳ ಚೆನ್ನಾಗಿವೆ. ಆದರೆ ಪಾಠಗಳ ಹಂಚಿಕೆ ಒಂದೇ ಅಲ್ಲ: ಮಹಾರಾಷ್ಟ್ರದ ಹನ್ನೆರಡನೆಯಲ್ಲಿರುವ ಲಾಜಿಕ್, ಪೇರ್ ಆಫ್ ಸ್ಟ್ರೇಟ್ ಲೈನ್ಸ್ ಎನ್‌ಸಿಇಆರ್‌ಟಿಯ ಹನ್ನೆರಡನೆಯಲ್ಲಿ ಇಲ್ಲ. ವಿಡಿಯೋ ಬೇಕಿದ್ದರೆ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರದ ಸಾಥಿ ತಾಣ, ಖಾನ್ ಅಕಾಡೆಮಿ, ಎರಡೂ ಉಚಿತ. ವಿಡಿಯೋದಲ್ಲಿ "ಎಲ್‌ಎನ್" ಎಂದು ಬರೆದರೆ ಅದು ಅವಳ ಪುಸ್ತಕದ "ಲಾಗ್" ಎಂದು ಹೇಳಿಕೊಡಿ. ವಿಡಿಯೋ ಓಡುತ್ತಿರುವಾಗ ಪೆನ್ನು ಕೈಯಲ್ಲಿ ಇಲ್ಲದಿದ್ದರೆ ಅದು ಸೀರಿಯಲ್ಲಿಗೆ ಸಮ. ಲೈನ್, ಪ್ಲೇನ್, ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಕಣ್ಣಿಗೆ ಕಟ್ಟದಿದ್ದರೆ ಜಿಯೋಜೀಬ್ರಾದಲ್ಲಿ ಬರೆದು ನೋಡಲಿ, ಮೊಬೈಲಲ್ಲೂ ನಡೆಯುತ್ತದೆ. ಲೆಕ್ಕದ ಫೋಟೋ ಹೊಡೆದರೆ ಉತ್ತರ ಬರೆದುಕೊಡುವ ಆ್ಯಪ್‌ಗಳು ಜೇಬಿನಲ್ಲಿರುವ ಡೈಜೆಸ್ಟ್. ಮೇಲಾಗಿ ಕೆಲವೊಮ್ಮೆ ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ತಾನು ಬಿಡಿಸಿ ಮುಗಿಸಿದ ಮೇಲೆ ತಾಳೆ ನೋಡಲು ಮಾತ್ರ.

ಜೆಇಇ ಪುಸ್ತಕದ ಸಲಹೆ ಅವಳಿಗೆ ಈಗ ಹಾನಿಯದು. ಜೆಇಇ ಮೇನ್‌ನಲ್ಲಿ ಗಣಿತದ 25 ಪ್ರಶ್ನೆ, ತಲಾ 4 ಅಂಕ, ತಪ್ಪಿಗೆ 1 ಕಡಿತ. ಎರಡು ಮೂರು ಪಾಠಗಳನ್ನು ಒಂದೇ ಪ್ರಶ್ನೆಯಲ್ಲಿ ಕಲಸಿ ಕೇಳುತ್ತಾರೆ, ಹೆಜ್ಜೆ ಬರೆಯುವಂತಿಲ್ಲ. 31 ಅಂಕದಲ್ಲಿರುವವರು ಅದನ್ನು ಹಿಡಿದರೆ ಎರಡು ವಾರದಲ್ಲಿ ಇರುವ ಧೈರ್ಯವೂ ಹೋಗುತ್ತದೆ, ಬೋರ್ಡಿನ ಹೆಜ್ಜೆ ಬರೆಯುವ ಕೈಯೂ ಕೆಡುತ್ತದೆ. ಮಹಾರಾಷ್ಟ್ರದಲ್ಲೇ ಇಂಜಿನಿಯರಿಂಗ್ ಎಂದಾದರೆ ನೋಡಬೇಕಾದದ್ದು ರಾಜ್ಯದ ಪ್ರವೇಶ ಪರೀಕ್ಷೆ, ಎಂಎಚ್‌ಟಿ-ಸಿಇಟಿ. ಅದರಲ್ಲಿ ಗಣಿತ 50 ಪ್ರಶ್ನೆ, 100 ಅಂಕ, 90 ನಿಮಿಷ, ತಪ್ಪಿಗೆ ಕಡಿತ ಇಲ್ಲ. ಸುಮಾರು 10 ಪ್ರಶ್ನೆ ಹನ್ನೊಂದನೆಯಿಂದ. ಒಂದು ಪ್ರಶ್ನೆಗೆ ಒಂದು ನಿಮಿಷ 48 ಸೆಕೆಂಡು. ಸೈನ್ ಎಕ್ಸ್/(ಸೈನ್ ಎಕ್ಸ್ + ಕಾಸ್ ಎಕ್ಸ್) ಅನ್ನು 0ಯಿಂದ ಪೈ/2ರವರೆಗೆ ಮಾಡುವುದಕ್ಕೆ ಬೋರ್ಡಿನಲ್ಲಿ ಗುಣಧರ್ಮ ಬರೆದು, ಎರಡು ಸಮೀಕರಣ ಕೂಡಿಸಿ ತೋರಿಸಬೇಕು. ಸಿಇಟಿಯಲ್ಲಿ ಅಂತರದ ಅರ್ಧ, ಪೈ/4 ಎಂದು ಗುರುತು ಹಾಕಿ ಮುಂದೆ ಹೋಗಬೇಕು. ಜನವರಿಯವರೆಗೆ ವಾರಕ್ಕೆ ಇಪ್ಪತ್ತು ಬಹುಆಯ್ಕೆ ಸಾಕು, ಬೋರ್ಡ್ ಮುಗಿದ ಮೇಲೆ ಪೂರ್ತಿ ಅದೇ.

ಈಗ ಕ್ಲಾಸೋ, ಸರ್ರೋ? ಡೊಂಬಿವಲಿಯಿಂದ ದಾದರಿಗೆ ಫಾಸ್ಟ್ ಲೋಕಲ್ ಸಿಕ್ಕಿದರೂ ಹೋಗಿ ಬರಲು ಎರಡು ಗಂಟೆ, ಸಂಜೆಯ ಗರ್ದಿ ಬೇರೆ. ಅವಳ ದಿನದ 75 ನಿಮಿಷ ಅಲ್ಲೇ ಕರಗಿತು. ದೊಡ್ಡ ಬ್ಯಾಚು ತನ್ನ ವೇಗದಲ್ಲಿ ಹೋಗುತ್ತದೆ, ನಡುವೆ ಸೇರಿದವಳಿಗಾಗಿ ಹನ್ನೊಂದನೆಗೆ ಹಿಂದಿರುಗುವುದಿಲ್ಲ. ಅಡಿಪಾಯ ಇದ್ದು ಶಿಸ್ತು ಮಾತ್ರ ಇಲ್ಲದವರಿಗೆ ಕ್ಲಾಸು ಒಳ್ಳೆಯದು. ಅವಳದು ಅದರ ಉಲ್ಟಾ. ಕ್ಲಾಸಿನ ಟೆಸ್ಟ್ ಸೀರೀಸ್ ಬಿಡಿಯಾಗಿ ಸಿಗುವುದಾದರೆ ಪ್ರಿಲಿಮ್ಸ್ (ಬೋರ್ಡಿಗೆ ಮುಂಚಿನ ಕಾಲೇಜಿನ ಪರೀಕ್ಷೆ) ಹೊತ್ತಿಗೆ ಅದನ್ನಷ್ಟು ತೆಗೆದುಕೊಳ್ಳಬಹುದು.

ಮನೆಗೆ ಬರುವ ಸರ್‌ಗೆ ವಾರಕ್ಕೆ ಎರಡು ಸಲ ಒಂದೂವರೆ ಗಂಟೆ, ಹನ್ನೆರಡು ವಾರ ಎಂದರೆ 36 ಗಂಟೆ, 32,400 ರೂಪಾಯಿ. ಇದರಲ್ಲಿರುವ ಅಪಾಯವೂ ಸಣ್ಣದಲ್ಲ. ಒಳ್ಳೆಯ ಮನಸ್ಸಿನ ಸರ್ ಎದುರಿಗೆ ಕೂತು ಚಕಚಕ ಬಿಡಿಸಿ ತೋರಿಸುತ್ತಾರೆ, ಅವಳು ತಲೆಯಾಡಿಸುತ್ತಾಳೆ; ಡೈಜೆಸ್ಟಿಗೆ ಜೀವ ಬಂದಂತಾಯಿತು, ಅಷ್ಟೆ. ಎರಡು ದಿನ ಟ್ರಯಲ್ ಕೇಳಿ. ಫಸ್ಟ್ ಟರ್ಮಿನ ಉತ್ತರಪತ್ರಿಕೆ ಮುಂದಿಡಿ. "ಇಲ್ಲಿ ನಿಂತದ್ದು ಯಾಕೆ?" ಎಂದು ಸರ್ ಅವಳನ್ನು ಕೇಳಿ, ಉತ್ತರ ಬರುವವರೆಗೆ ಸುಮ್ಮನಿದ್ದರೆ ಅವರನ್ನು ಇಟ್ಟುಕೊಳ್ಳಿ. ನೋಡಿದ ಕೂಡಲೇ ಪೆನ್ನು ತಾವೇ ತೆಗೆದುಕೊಂಡರೆ ಬೇರೆಯವರನ್ನು ಹುಡುಕಿ. ಒಂದೂವರೆ ಗಂಟೆಯಲ್ಲಿ ಪೆನ್ನು ಅವಳ ಕೈಯಲ್ಲಿ ಒಂದು ಗಂಟೆಯಾದರೂ ಇರಬೇಕು. ಅವರು ಬರುವ ಮೊದಲು ಸಿಕ್ಕಿಹಾಕಿಕೊಂಡ ಐದು ಲೆಕ್ಕ, ನಿಂತ ಸಾಲಿನವರೆಗೆ ಬರೆದು, ಸಿದ್ಧವಿರಲಿ.

ಅಷ್ಟು ಹಣವೂ ಭಾರವಾದರೆ ನಿಮ್ಮ ಸೊಸೈಟಿಯಲ್ಲೋ ಪಕ್ಕದಲ್ಲೋ ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗಿ ಸಿಗಬಹುದು. ಸಂದೇಹ ಬಿಡಿಸಲು ಇವರು ಚೆನ್ನ, ಬೋರ್ಡಿಗೆ ಹೆಜ್ಜೆ ಬರೆಯುವ ಕ್ರಮ ಅವರಿಗೂ ಮರೆತಿರುತ್ತದೆ. ಅದನ್ನು ಕಾಲೇಜಿನ ಟೀಚರೇ ನೋಡಬೇಕು. "ಇಂಟಿಗ್ರೇಷನ್ ಬರಲ್ಲ ಮಿಸ್" ಎಂದು ಹೋದವರನ್ನು ಯಾರೂ ಕೂರಿಸಿಕೊಳ್ಳಲಾರರು, ಬಿಡಿಸಿದ ಎರಡು ಉತ್ತರ ಹಿಡಿದು "ಇದಕ್ಕೆ ನಾಲ್ಕರಲ್ಲಿ ಎಷ್ಟು ಕೊಡುತ್ತೀರಿ, ಎಲ್ಲಿ ಕತ್ತರಿಸುತ್ತೀರಿ?" ಎಂದು ಕೇಳಿದರೆ ಸ್ಟಾಫ್ ರೂಮಿನಲ್ಲಿ ಐದು ನಿಮಿಷ ಸಿಗುತ್ತದೆ. ಸರ್ ಅನ್ನು ಗೊತ್ತು ಮಾಡಿದರೆ ಹನ್ನೆರಡು ವಾರದ ಹಣ ಒಟ್ಟಿಗೆ ಕೊಡಬೇಡಿ. ನಾಲ್ಕನೇ ವಾರ ಅದೇ ಹತ್ತು ಪ್ರಶ್ನೆಗಳನ್ನು ಅಂಕಿಗಳನ್ನು ಬದಲಿಸಿ ಮತ್ತೆ ಕೊಡಿ. ಎಂಟು ಸರಿ ಬಂದರೆ ಮುಂದುವರಿಸಿ, ಮೊದಲಿನಷ್ಟೇ ಇದ್ದರೆ ಅಲ್ಲಿಗೆ ನಿಲ್ಲಿಸಿ.